ಮೂಳೆ ಸವೆಯುವುದು ಹಣೆಬರಹವಲ್ಲ

ಅಜ್ಜಿ ಬಚ್ಚಲಲ್ಲಿ ಜಾರಿದಳು, ಸೊಂಟ ಮುರಿಯಿತು, ಹಾಸಿಗೆ ಹಿಡಿದಳು. ‘ವಯಸ್ಸಾಯಿತಲ್ಲ’ ಎಂದು ಮಾತು ಮುಗಿಸುತ್ತೇವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಸವೆಯುತ್ತದೆ, ನಿಜ. ಆದರೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಪದ್ಧತಿ ಅದಕ್ಕೂ ಮೊದಲೇ ಹೆಣ್ಣಿನ ಮೂಳೆಯನ್ನು ಬಡವಾಗಿಸಿರುತ್ತದೆ. ಹಾಲು ಡೇರಿಗೆ, ಮೊಸರು ಗಂಡಸರಿಗೆ, ಅವಳಿಗೆ ತಿಳಿಸಾರು!

ಗೆಳತಿಯರೇ, ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಇದೆ. ರಾಗಿ, ಎಳ್ಳು, ಸೊಪ್ಪು, ಮೊಸರು ನಮ್ಮ ತಟ್ಟೆಗೂ ಬರಲಿ. ಬಿಸಿಲು, ನಡಿಗೆ ತಪ್ಪದಿರಲಿ. ಸಂಘದ ಸಾಲ ಬಚ್ಚಲಿನ ಹಿಡಿಕಂಬಿಗೂ ಸಿಗಲಿ.

ಇನ್ನೊಂದು ಮಾತು. ಮೂಳೆ ಮುರಿದವಳು ‘ಜಾರಿ ಬಿದ್ದೆ’ ಎಂದರೆ, ಒಬ್ಬಳನ್ನೇ ಕೂರಿಸಿಕೊಂಡು ಮೆಲ್ಲಗೆ ಕೇಳೋಣ: ಯಾರಾದರೂ ತಳ್ಳಿದರೇ? ಸವೆದ ಮೂಳೆ ಮುರಿಯಲು ಒಂದು ನೂಕು ಸಾಕು.