ತಿಂಗಳಿಗೆ 30 ಡಾಲರಿನ ಹುಡುಗರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಅತಿ ಎತ್ತರದ ಬೆಟ್ಟ ಗ್ರೇಲಾಕ್, 1,064 ಮೀಟರ್. ಅಪಲಾಚಿಯನ್ ಟ್ರೇಲ್ ಅದರ ತುದಿಯ ಮೇಲೇ ಹಾದುಹೋಗುತ್ತೆ. ಅಲ್ಲಿರೋ ಬ್ಯಾಸ್ಕಮ್ ಲಾಡ್ಜ್ ಕಟ್ಟಿದ್ದು 1930ರ ದಶಕದಲ್ಲಿ, ಆ ಬೆಟ್ಟದ್ದೇ ಕಲ್ಲಿನಿಂದ. ದುಡಿದವರು ಯಾರು ಗೊತ್ತಾ? ಕೆಲಸ ಸಿಗದೆ ಅಲೆಯುತ್ತಿದ್ದ ಹುಡುಗರು!

ಅದು ಮಹಾ ಆರ್ಥಿಕ ಕುಸಿತದ ಕಾಲ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಿವಿಲಿಯನ್ ಕನ್ಸರ್ವೇಶನ್ ಕೋರ್, ಅಂದ್ರೆ ಸಿಸಿಸಿ, ಶುರು ಮಾಡಿದರು. ಮೊದಮೊದಲು 18ರಿಂದ 25 ವರ್ಷದ ಅವಿವಾಹಿತ ಹುಡುಗರಿಗೆ ಕಾಡಿನಲ್ಲಿ ಕೆಲಸ. ಊಟ, ವಸತಿ, ತಿಂಗಳಿಗೆ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1942ರಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 30 ಲಕ್ಷ ಜನ ಅಲ್ಲಿ ದುಡಿದಿದ್ದರು.

ಸರ್ಕಾರ ಕೊಡೋ ಕೆಲಸ ಅಂದ್ರೆ ಗುಂಡಿ ತೋಡಿ ಗುಂಡಿ ಮುಚ್ಚೋದು ಅಂತ ನಗೋರಿಗೆ ಈ ಲಾಡ್ಜ್ ತೋರಿಸಬೇಕು. ನನ್ನ ಪ್ರಕಾರ ಗುಟ್ಟಿರೋದು ಕೂಲಿಯಲ್ಲಲ್ಲ, ಕಲಿಸಿದವರಲ್ಲಿ. ಶಿಬಿರಗಳು ಸುತ್ತಮುತ್ತಲ ಊರಿನ ಅನುಭವಿ ಕೆಲಸಗಾರರನ್ನೂ ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿದ್ದವು. ಉಳಿ-ಸುತ್ತಿಗೆ ಹಿಡಿದು ಗೊತ್ತಿಲ್ಲದ ಹುಡುಗರು ಅವರ ಪಕ್ಕ ನಿಂತು ಕಲಿತರು.

ಹಾಗಂತ ಸಿಸಿಸಿಯನ್ನು ಹೊಗಳಿ ಅಟ್ಟಕ್ಕೇರಿಸೋದೂ ಬೇಡ. ಹೆಣ್ಣುಮಕ್ಕಳಿಗೆ ಅದರಲ್ಲಿ ಸೇರೋ ಅವಕಾಶವೇ ಇರಲಿಲ್ಲ. ಕಪ್ಪು ಹುಡುಗರನ್ನು ಬಹುತೇಕ ಬೇರೆ ಶಿಬಿರಗಳಲ್ಲಿ ಇಟ್ಟರು. ಇನ್ನು ಲಾಡ್ಜಿಗೆ ಬಂದಿದ್ದು ಜಾನ್ ಬ್ಯಾಸ್ಕಮ್ ಎಂಬ ಪ್ರೊಫೆಸರ ಹೆಸರು. ಕಲ್ಲು ಹೊತ್ತವರದ್ದಲ್ಲ...

ಆದರೂ ಆ ಗೋಡೆಗಳು ಇವತ್ತಿಗೂ ನಿಂತಿವೆ. ಕೆಲಸವಿಲ್ಲದ ಹುಡುಗನಿಗೆ, ಹುಡುಗಿಗೆ, ದುಡ್ಡಿನ ಜೊತೆ ಒಂದು ಕಸುಬೂ ಸಿಗಬೇಕು ಅನ್ನೋದು ನನ್ನ ವಾದ. ನೀವೇನಂತೀರಿ?