ಮನೆಮದ್ದು: ನಿದ್ರೆ ಬಾರದವರಿಗೆ

ಈ ತಿಂಗಳು ನಮ್ಮ ಪುಟಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸೇರಿದವು. ಶ್ರೀರಂಗಪಟ್ಟಣ, ಪಾಂಡವಪುರಗಳಿಂದಲೂ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ಹಳ್ಳಿಗಳಿಂದಲೂ ಸೋದರಿಯರು ಕೇಳಿರುವುದೇನೆಂದರೆ, ಮಲಗಿ ಗಂಟೆಗಟ್ಟಲೆ ಹೊರಳಿದರೂ ಕಣ್ಣು ಹತ್ತುವುದಿಲ್ಲ, ಏನು ಮಾಡತಕ್ಕದ್ದು? ಸ್ವಾಮಿಯೇ ಆದಿಶೇಷನ ಮೇಲೆ ಪವಡಿಸಿರುವ ಊರಿನವರಿಗೂ ಈ ಕಷ್ಟ ತಪ್ಪಲಿಲ್ಲವಲ್ಲಾ ಎಂದು ನಗೆ ಬಂದರೂ, ಇದು ನಕ್ಕು ಬಿಡುವ ಸಂಗತಿಯಲ್ಲ. ಆಹಾರದೊಡನೆ ನಿದ್ರೆಯನ್ನೂ ದೇಹವನ್ನು ಹೊತ್ತಿರುವ ಮೂರು ಆಧಾರಗಳಲ್ಲಿ ಒಂದೆಂದು ಚರಕಸಂಹಿತೆಯು ಎಣಿಸಿದೆ. ಪ್ರಾಯದವರಿಗೆ ದಿನಕ್ಕೆ ಏಳು ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ ಅವಶ್ಯಕವೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ಮದ್ದನ್ನು ಹುಡುಕುವುದಕ್ಕೆ ಮೊದಲು ಮನೆಯೊಳಗಿನ ಕಳ್ಳನನ್ನು ಹಿಡಿಯಬೇಕು. ನಮ್ಮ ಸೀಮೆಯಲ್ಲಿ ಆ ಕಳ್ಳನ ಹೆಸರು ಬಹುಮಟ್ಟಿಗೆ ಕಾಫಿ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತುವು ಸೇರುತ್ತ ಹೋಗಿ, ರಾತ್ರಿಯ ಹೊತ್ತಿಗೆ ರೆಪ್ಪೆಗಳನ್ನು ಭಾರವಾಗಿಸುತ್ತದೆ. ಕಾಫಿಯಲ್ಲಿರುವ ಕೆಫೀನು ಅದು ಕೂರಬೇಕಾದ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ಅದರ ಅರ್ಧ ಭಾಗ ದೇಹದಿಂದ ಕಳೆಯುವುದಕ್ಕೆ ಸುಮಾರು ಐದು ಗಂಟೆ ಬೇಕು. ಸಂಜೆ ನಾಲ್ಕಕ್ಕೆ ಕುಡಿದ ಲೋಟದ ಅರ್ಧ ಕಸುವು ಒಂಬತ್ತು ಗಂಟೆಗೂ ಉಳಿದಿರುತ್ತದೆಂದ ಮೇಲೆ, ಬಂದ ನೆಂಟರಿಗೆಲ್ಲ ಜೊತೆಗೊಡುವ ಗೃಹಿಣಿಗೆ ನಿದ್ರೆ ಎಲ್ಲಿಂದ ಬರಬೇಕು? ಟೀಗೂ ಇದೇ ಮಾತು. ಹೊಗೆಸೊಪ್ಪು ಸೇರಿದ ಎಲೆಯಡಿಕೆಯೂ ನರಗಳನ್ನು ಕೆರಳಿಸತಕ್ಕದ್ದೇ. ಕೈಯಲ್ಲಿ ಹಿಡಿದು ಮಲಗುವ ಮೊಬೈಲಿನ ವಿಷಯ ಎಲ್ಲರೂ ಬಲ್ಲರು, ಮಾಡುವವರು ಕಡಿಮೆ.

ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆಯೇ ಮುಗಿಸುವುದು ಒಳ್ಳೆಯದು. ಮುದ್ದೆ, ಉಪ್ಪೆಸರು ತೊಂದರೆ ಕೊಡುವುವಲ್ಲ. ಹತ್ತು ಗಂಟೆಯ ಮೇಲೆ ಉಣ್ಣುವ ಬಾಡೂಟವು ಎದೆಯುರಿಯಾಗಿ ಎಬ್ಬಿಸುತ್ತದೆ.

ಇನ್ನು ಮದ್ದುಗಳು. ನೆತ್ತಿಗೆ ಹರಳೆಣ್ಣೆ ತಟ್ಟಿ, ಅಂಗಾಲನ್ನು ಬಿಸಿನೀರಿನಲ್ಲಿ ತೊಳೆದು ಎಣ್ಣೆಯಿಂದ ಉಜ್ಜುವ ಪದ್ಧತಿ ನಮ್ಮ ಅಜ್ಜಿಯರ ಕಾಲದಿಂದ ಬಂದುದು. ಇದನ್ನು ಮೂಢಾಚಾರವೆಂದು ತಳ್ಳಬೇಕಾದುದಿಲ್ಲ. ನಿದ್ರೆ ಹತ್ತುವ ಮುನ್ನ ದೇಹದ ಒಳಗಿನ ಶಾಖವು ಸ್ವಲ್ಪ ಇಳಿಯಬೇಕು. ಆ ಶಾಖವು ಹೊರಬೀಳುವ ಮುಖ್ಯ ಬಾಗಿಲುಗಳು ಅಂಗೈ ಅಂಗಾಲುಗಳು. ಪಾದಗಳು ಬೆಚ್ಚಗಾದಾಗ ಅಲ್ಲಿಯ ರಕ್ತನಾಳಗಳು ಹಿಗ್ಗಿ ಒಡಲ ಶಾಖವನ್ನು ಬಿಟ್ಟುಕೊಡುತ್ತವೆ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಮಾಡಿದವರಿಗೆ ನಿದ್ರೆ ಬೇಗ ಬರುವುದು ಇದರಿಂದಲೇ. ಎಣ್ಣೆ ಹಚ್ಚಿದ ಕಾಲಿನಲ್ಲಿ ಗಾರೆಯ ನೆಲದ ಮೇಲೆ ನಡೆಯಕೂಡದೆಂಬುದನ್ನು ವಯಸ್ಸಾದವರಿಗೆ ಎರಡು ಸಲ ಹೇಳಿರಿ.

ಹಾಲಿನ ವಿಷಯದಲ್ಲಿ ಚರಕನು ನಿದ್ರೆಯಿಲ್ಲದವರಿಗೆ ಹಿತವೆಂದು ಹೇಳಿರುವುದು ಎಮ್ಮೆಯ ಹಾಲನ್ನು. ಬಿಸಿಯಾದ ಒಂದು ಲೋಟ ಹಾಲಿನಲ್ಲಿ ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದ ಜಾಯಿಕಾಯಿಯ ಗಂಧವನ್ನು ಕದಡಿ ಕುಡಿಯುವುದು ಬಳಕೆಯಲ್ಲಿದೆ. ಸುತ್ತುಗಳನ್ನು ಏರಿಸಬಾರದು. ಜಾಯಿಕಾಯಿ ಹೆಚ್ಚಾದರೆ ಎದೆ ಬಡಿದುಕೊಂಡು ಬುದ್ಧಿಭ್ರಮೆಯಾಗುತ್ತದೆ. ಗರ್ಭಿಣಿಯರಿಗೂ ಮಕ್ಕಳಿಗೂ ಇದು ಬೇಡವೇ ಬೇಡ. ಗಸಗಸೆಯ ಪಾಯಸವಾದರೋ ಔಷಧವೆಂಬ ಹೆಸರಿಲ್ಲದ ಔಷಧ. ಗಸಗಸೆಯನ್ನೂ ಹಿಡಿ ಅಕ್ಕಿಯನ್ನೂ ಹದವಾಗಿ ಹುರಿದು, ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಪಾಂಡವಪುರದ ಕಡೆಯ ಆಲೆಮನೆಯ ಬೆಲ್ಲ ಹಾಕಿ ಕುದಿಸಿ, ಏಲಕ್ಕಿ ಹಾಲುಗಳನ್ನು ಸೇರಿಸಿದರೆ ಆಯಿತು. ಹಬ್ಬದ ಮಧ್ಯಾಹ್ನ ಮನೆಮಂದಿಯೆಲ್ಲ ತೂಕಡಿಸುವುದಕ್ಕೆ ಪಾಯಸವೆಷ್ಟು ಕಾರಣ, ಹೊಟ್ಟೆ ಬಿರಿಯುವ ಊಟವೆಷ್ಟು ಕಾರಣ ಎಂಬುದನ್ನು ನಾನು ತೀರ್ಮಾನಿಸಲಾರೆ. ಆದರೆ ಎಳೆಯ ಕೂಸುಗಳಿಗೆ ಗಸಗಸೆಯ ನೀರನ್ನು ಕುಡಿಸಿ ಮಲಗಿಸುವ ಚಾಳಿ ಎಲ್ಲಿಯಾದರೂ ಉಳಿದಿದ್ದರೆ ಇಂದೇ ನಿಲ್ಲಿಸತಕ್ಕದ್ದು. ಅಫೀಮು ಹುಟ್ಟುವುದು ಅದೇ ಗಿಡದ ಕಾಯಿಯಿಂದ. ಅದರ ಅಂಶ ಕೂಸಿನ ಉಸಿರನ್ನೇ ತಡೆಯಬಲ್ಲುದು.

ಇವೆಲ್ಲಕ್ಕಿಂತ ಬಲವಾದುದು ಒಂದು ಅಭ್ಯಾಸ. 2016ರಲ್ಲಿ ಅಮೆರಿಕದ ವೈದ್ಯರ ಸಂಘವೊಂದು ಬಹುಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಅಭ್ಯಾಸಗಳ ಚಿಕಿತ್ಸೆಯನ್ನೇ ಕೊಡಬೇಕೆಂದು ವಿಧಿಸಿತು. ಅದರ ಸಾರವಿಷ್ಟು: ರಾತ್ರಿ ಎಷ್ಟೇ ಹೊತ್ತಿಗೆ ಮಲಗಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಕೂಡದು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದುಬಿಡಬೇಕು. ಎದ್ದು ಗಡಿಯಾರವನ್ನು ನೋಡುತ್ತ ಕೂರುವುದಲ್ಲ. ಮಂದವಾದ ದೀಪದಲ್ಲಿ ದೇವರ ಬತ್ತಿ ಹೊಸೆಯುವುದೋ, ಅವರೆಯ ಕಾಲದಲ್ಲಿ ಕಾಳು ಹಿಸುಕುವುದೋ, ಮನಸ್ಸಿಗೆ ಶ್ರಮವಿಲ್ಲದ ಕೆಲಸವನ್ನು ಮಾಡಿ, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಮರಳಬೇಕು. ಹಾಸಿಗೆಯೆಂದರೆ ಚಿಂತೆಯ ಜಾಗವೆಂದು ಕಲಿತ ಮನಸ್ಸು ಅದು ನಿದ್ರೆಯ ಜಾಗವೆಂದು ಮತ್ತೆ ಕಲಿಯಲು ಕೆಲವು ವಾರಗಳು ಹಿಡಿಯುತ್ತವೆ.

ನಾಗಮಂಗಲದ ಕಡೆಯ ಸೋದರಿಯೊಬ್ಬರ ಕಷ್ಟ ಬೇರೆ. ಪಂಪುಸೆಟ್ಟಿಗೆ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದಾಗ ಯಜಮಾನರು ತೋಟಕ್ಕೆ ನೀರು ಹಾಯಿಸಿ ನಸುಕಿನಲ್ಲಿ ಬರುತ್ತಾರೆ, ಹಗಲಿನಲ್ಲಿ ನಿದ್ರೆಯಿಲ್ಲ, ಮಾತೆತ್ತಿದರೆ ಸಿಡುಕು. ಅಮ್ಮಾ, ಇದು ಅವರ ಗುಣದ ದೋಷವಲ್ಲ. ಬಂದೊಡನೆ ಕಾಫಿ ಕೊಡಬೇಡಿ. ಕಿಟಕಿಗೆ ದಟ್ಟವಾದ ಕಂಬಳಿಯನ್ನು ಇಳಿಬಿಟ್ಟು ಕೋಣೆಯನ್ನು ಕತ್ತಲೆ ಮಾಡಿರಿ. ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರವು ಬೆಳಗಾಯಿತೆಂದೇ ತಿಳಿಯುತ್ತದೆ. ಅತ್ತೆಯವರು ಹಗಲು ಮಲಗುವುದನ್ನು ಸೋಮಾರಿತನವೆಂದರೆ ಅವರಿಗೂ ಈ ಪುಟವನ್ನು ಓದಿ ಹೇಳಿರಿ. ಪಾಳಿಯಿರುವ ದಿನ ಸಂಜೆ ಒಂದು ಗಂಟೆ ಮಲಗಿ ಹೊರಟರೆ ಕತ್ತಲಲ್ಲಿ ಹೆಜ್ಜೆಯೂ ತಪ್ಪದು.

ಮನೆಯ ಮದ್ದು ಮುಟ್ಟಲಾರದ ನಿದ್ರಾಹೀನತೆಯೂ ಉಂಟು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬಿನ ಬೆಳೆಗಾರರಲ್ಲಿ ಹಲವರು ಸಾಲದ ಭಾರ ಹೊತ್ತು ಪ್ರಾಣ ಕಳೆದುಕೊಂಡುದನ್ನು ನಮ್ಮ ಮನೆಗಳು ಮರೆತಿಲ್ಲ. ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ಮಲಗದವರು, ಊಟ ಒಲ್ಲದವರು, ಮಾತು ಬಿಟ್ಟವರು, ತಾನಿದ್ದು ಏನು ಫಲ ಎನ್ನುವವರು ಮನೆಯಲ್ಲಿದ್ದರೆ ಹಾಲು ಜಾಯಿಕಾಯಿಯಲ್ಲಿ ದಿನ ಕಳೆಯಬೇಡಿ. ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೊಲದ ಔಷಧಿಯ ಡಬ್ಬಗಳನ್ನು ಬೀಗದೊಳಗೆ ಇಡಿ, ಬೀಗದಕೈ ನಿಮ್ಮ ಸೊಂಟದಲ್ಲಿರಲಿ. ಸರ್ಕಾರದ ಟೆಲಿ ಮಾನಸ್ 14416 ಎಂಬ ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಂಡ್ಯದ ದೊಡ್ಡಾಸ್ಪತ್ರೆಗೋ, ನಾಗಮಂಗಲದವರಾದರೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೋ ಜೊತೆಯಲ್ಲಿ ನೀವೇ ಹೋಗಿರಿ.

ಕೃಷ್ಣರಾಜಪೇಟೆಯಿಂದ ಕೇಳಿದವರಿಗೆ: ನೆರೆಮನೆಯವರ ನಿದ್ರೆಯ ಗುಳಿಗೆಯನ್ನು ಎರವಲು ನುಂಗಬಾರದು, ಅಭ್ಯಾಸವಾದರೆ ಬಿಡಿಸುವುದು ಕಷ್ಟ, ಒಮ್ಮೆಗೇ ಬಿಟ್ಟರೂ ಅಪಾಯ. ನಿಮ್ಮ ಮಾವನವರು ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವರೆಂದಿದ್ದೀರಿ. ಅದು ನಿದ್ರೆ ಬಾರದ ರೋಗವಲ್ಲ, ಉಸಿರಿನ ದಾರಿ ಮುಚ್ಚುವ ರೋಗ. ಅವರಿಗೆ ಗುಳಿಗೆ ಕೊಡಲೇಬಾರದು, ವೈದ್ಯರಿಗೆ ತೋರಿಸಿರಿ.