ಡೀಸೆಲ್ ಕ್ಯಾನು ಮೆಣಸಿನಕಾಯಿ ಚೀಲದ ಪಕ್ಕ ಯಾಕಿದೆ?

"ಡೀಸೆಲ್ ಹಂಗೆಲ್ಲ ಹತ್ತಂಗಿಲ್ಲ ಬಿಡ್ರಿ, ಅದೇನು ಪೆಟ್ರೋಲಾ?" ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಯಾವ ಊರಿಗೆ ಹೋದರೂ ಈ ಮಾತು ಕೇಳುತ್ತೆ. ಪೂರ್ತಿ ಸುಳ್ಳೇನಲ್ಲ. ಚಳಿಗಾಲದಲ್ಲಿ ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳೋದಿಲ್ಲ. ಆದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಉಷ್ಣಾಂಶ ಅಂತ ಒಂದಿದೆ, ಅದಕ್ಕೆ ಫ್ಲಾಶ್ ಪಾಯಿಂಟ್ ಅಂತಾರೆ. ನಮ್ಮ ದೇಶದ ಮಾನದಂಡದ ಪ್ರಕಾರ ಡೀಸೆಲ್‌ಗೆ ಅದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್‌ನಲ್ಲಿ ನಮ್ಮ ತಗಡಿನ ಶೆಡ್ ಒಳಗೆ ಎಷ್ಟು ಡಿಗ್ರಿ ಇರುತ್ತೆ ಅಂತ ಒಮ್ಮೆ ನೋಡ್ರಿ. ಅದೇ ಕ್ಯಾನಿನಲ್ಲಿ ಮೊದಲು ಪೆಟ್ರೋಲ್ ತಂದಿದ್ದರೆ, ತಳದಲ್ಲಿ ಉಳಿದ ಸ್ವಲ್ಪವೇ ಸಾಕು, ಡೀಸೆಲ್ ಇನ್ನೂ ಬೇಗ ಹೊತ್ತುವಂತಾಗುತ್ತೆ.

ಅದೇ ಶೆಡ್‌ನಲ್ಲಿ ಏನೇನು ಇರುತ್ತೆ? ಗೋವಿನಜೋಳದ ಚೀಲ, ಬಿತ್ತನೆ ಬೀಜ, ಸ್ಪ್ರೇ ಪಂಪು, ಯೂರಿಯಾ, ಫೆಬ್ರುವರಿ-ಮಾರ್ಚ್ ಆದರೆ ಒಣ ಮೆಣಸಿನಕಾಯಿ. ಮೂಲೆಯಲ್ಲಿ ಡೀಸೆಲ್ ಕ್ಯಾನು. ಬಹಳ ಸಲ ಅದು ಹಳೇ ಕೀಟನಾಶಕದ ಕ್ಯಾನು, ಲೇಬಲ್ ಹರಿದದ್ದು. ನಮ್ಮ ಭಾಷೆಯೂ ಇದಕ್ಕೆ ಸಹಾಯ ಮಾಡೋದಿಲ್ಲ. ಬೆಳೆಗೆ ಹೊಡೆಯೋದೂ ಎಣ್ಣಿ, ಟ್ರ್ಯಾಕ್ಟರ್‌ಗೆ ಹಾಕೋದೂ ಎಣ್ಣಿ, ಸಂಜೆ ಕುಡಿಯೋದೂ ಎಣ್ಣಿ. "ಆ ಎಣ್ಣಿ ಕ್ಯಾನ್ ತಗೊಂಡ್ ಬಾರೋ" ಅಂದರೆ ಹುಡುಗ ಯಾವುದನ್ನು ತರಬೇಕು? ನಾಲ್ಕು ರೂಪಾಯಿ ಪೇಂಟಿನಲ್ಲಿ ಕ್ಯಾನಿನ ಮೇಲೆ 'ಡೀಸೆಲ್' ಅಂತ ದೊಡ್ಡದಾಗಿ ಬರೆಯೋಕೆ ನಮಗೇನು ಅಡ್ಡಿ?

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರೋದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಆ ಗುಣಕ್ಕೇ. ಅದರ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು ಅದನ್ನು ಆಹಾರಕ್ಕೆ ಕಳಿಸ್ತಾವೆ. ಹಿಂಗಿರುವಾಗ ಮಾರುಕಟ್ಟೆಗೆ ಹೊರಟ ಟ್ರ್ಯಾಲಿಯಲ್ಲಿ ಚೀಲಗಳ ನಡುವೆ ಡೀಸೆಲ್ ಕ್ಯಾನ್ ಇಟ್ಟು, ಹಂಪ್ ಹಾರಿದಾಗ ಮುಚ್ಚಳದಿಂದ ಒಂದು ಲೋಟ ಚೆಲ್ಲಿದರೆ? ಒಣ ಕಾಯಿ ವಾಸನೆ ಬೇಗ ಹಿಡಿಯುತ್ತೆ, ತೊಳೆಯೋಕೂ ಬರೋದಿಲ್ಲ. ಖರೀದಿದಾರ ಕಾಯಿ ಮುರಿದು ಮೂಗಿಗೆ ಹಿಡಿದರೆ ಇಡೀ ವರ್ಷದ ದುಡಿಮೆ ಅಲ್ಲೇ ಮುಗಿಯಿತು. ಸಾವಯವ ಬೆಳೆಗಾರ ಆಗಿ ನನಗೆ ಇದು ಇನ್ನಷ್ಟು ಚುಚ್ಚುತ್ತೆ. ಜೀವಾಮೃತ ಹಾಕಿ ಮಣ್ಣು ಬದುಕಿಸಿದ ಹೊಲದ ಬದುವಿನಲ್ಲೇ ನಿಂತು ಟ್ಯಾಂಕ್ ತುಂಬಿಸಿ ಚೆಲ್ಲಿದರೆ, ಆ ಜಾಗದಲ್ಲಿ ಬಹಳ ದಿನ ಹುಲ್ಲೂ ಬರೋದಿಲ್ಲ.

ಎಲ್ಲಕ್ಕಿಂತ ಕೆಟ್ಟ ಚಾಳಿ ಬಾಯಿಂದ ಪೈಪ್ ಎಳೆಯೋದು. ಹೊಟ್ಟೆಗೆ ಹೋದರೆ ಏನಾಗುತ್ತೆ ಅಂತ ಎಲ್ಲರೂ ಯೋಚಿಸ್ತಾರೆ, ಆದರೆ ಅಪಾಯ ಶ್ವಾಸಕೋಶಕ್ಕೆ. ಕೆಮ್ಮಿದಾಗ ಒಂದು ಗುಟುಕು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಸಾಕು, ತೆಳ್ಳಗಿನ ಎಣ್ಣೆ ಒಳಗೆ ಹರಡಿ ನ್ಯುಮೋನಿಯಾ ತರುತ್ತೆ. ಮೊದಲ ಗಂಟೆ ಆರಾಮಾಗಿಯೇ ಇರಬಹುದು, ರಾತ್ರಿ ಉಸಿರಾಟ ಕಷ್ಟ ಆಗಬಹುದು. ಆಗ ನಮ್ಮ ಮನೆಗಳಲ್ಲಿ ಮಾಡೋದೇನು? ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋದು. ದಯವಿಟ್ಟು ಅದನ್ನು ಮಾಡಬೇಡ್ರಿ. ವಾಂತಿಯಲ್ಲಿ ಮತ್ತೊಮ್ಮೆ ಅದು ಶ್ವಾಸಕೋಶಕ್ಕೆ ಹೋಗುತ್ತೆ. 108ಕ್ಕೆ ಕರೆ ಮಾಡಿ, ಕ್ಯಾನಿನಲ್ಲಿ ಇದ್ದದ್ದು ಏನು ಅಂತ ಡಾಕ್ಟರ್‌ಗೆ ಹೇಳ್ರಿ. ಮಗು ನೀರಿನ ಬಾಟಲಿ ಅಂದುಕೊಂಡು ಸೀಮೆಎಣ್ಣೆ, ಪೆಟ್ರೋಲ್ ಕುಡಿದಾಗಲೂ ಇದೇ ಮಾತು. ಕೈ ಪಂಪು ಅಂಗಡಿಯಲ್ಲಿ ಸಿಗುತ್ತೆ. ಒಂದು ಬ್ಯಾರಲ್ ಡೀಸೆಲ್‌ಗೆ ಕೊಡೋ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಕಾನೂನು ಏನು ಹೇಳುತ್ತೆ ಅಂತ ಬಹಳ ಜನ ಕೇಳ್ತಾರೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಅದೂ ಬಿಗಿ ಮುಚ್ಚಳದ ಪಾತ್ರೆಯಲ್ಲಿ. ಲೋಹದ್ದಾದರೆ ಒಂದೊಂದು 25 ಲೀಟರ್ ಮೀರಬಾರದು. ಡೀಸೆಲ್‌ಗೆ ಮಿತಿ ಒಟ್ಟು 2500 ಲೀಟರ್, ಒಂದು ಪಾತ್ರೆ 1000 ಲೀಟರ್ ಒಳಗೆ. ಅಂದರೆ ರೈತನಿಗೆ ಕಾನೂನು ಅಡ್ಡಿ ಮಾಡಿಲ್ಲ. ಹಂಗಂತ 200 ಲೀಟರ್ ಮನೆ ಪಡಸಾಲೆಯಲ್ಲಿ ಇಡೋಕೆ ಯಾರೂ ಹೇಳಿಲ್ಲ. ಇಟ್ಟರೆ ಮನೆ, ಒಲೆ, ದನದ ಕೊಟ್ಟಿಗೆಯಿಂದ ದೂರ, ನೆರಳಲ್ಲಿ, ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳು. ಡೀಸೆಲ್ ಬೆಂಕಿಗೆ ನೀರು ಹಾಕಿದರೆ ಎಣ್ಣೆ ತೇಲಿ ಬೆಂಕಿಯೇ ಹರಡುತ್ತೆ. ಬಂಕಿನಲ್ಲಿ ಕ್ಯಾನನ್ನು ಗಾಡಿ ಮೇಲೇ ಇಟ್ಟು ತುಂಬಿಸಬೇಡ್ರಿ, ಕೆಳಗಿಳಿಸಿ ನೆಲದ ಮೇಲಿಟ್ಟು ತುಂಬಿಸ್ರಿ, ಸ್ಥಾಯಿ ವಿದ್ಯುತ್ತಿನ ಕಿಡಿ ಏಳೋದು ತಪ್ಪುತ್ತೆ. ಬ್ರಷ್ ಕಟರ್‌ಗೆ ಅಂತ ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟರೆ ಈಗಿನ 20% ಎಥನಾಲ್ ನೀರು ಹೀರಿಕೊಂಡು ಬೇರೆಯಾಗುತ್ತೆ, ಕಾರ್ಬ್ಯುರೇಟರ್ ಹಾಳು.

ಖಾಲಿ ಬ್ಯಾರಲ್ ಕತ್ತರಿಸಿ ದನದ ಬಾನಿ ಮಾಡಿಸೋದು ನಮ್ಮಲ್ಲಿ ಮಾಮೂಲಿ. ಖಾಲಿ ಅನ್ನೋದು ಕಣ್ಣಿಗೆ ಮಾತ್ರ, ಒಳಗೆ ಆವಿ ತುಂಬಿರುತ್ತೆ, ವೆಲ್ಡಿಂಗ್ ಜ್ವಾಲೆಗೆ ಅದು ಬಾಂಬಿನಂತೆ ಸಿಡಿಯಬಹುದು. ಆಗಸ್ಟ್ 29, 2023ರಂದು ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ಕಾರ್ಮಿಕರು ಸುಟ್ಟು ಸತ್ತಾಗ ವೆಲ್ಡಿಂಗ್ ಕಿಡಿಯ ಮಾತೇ ಬಂದಿತ್ತು. ಅಲ್ಲಿದ್ದದ್ದು ಪಟಾಕಿ, ಇಲ್ಲಿರೋದು ಎಣ್ಣೆ ಆವಿ. ಕಿಡಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಇನ್ನು ಹೊಸ ಗೊಂದಲ ಡಿಇಎಫ್. ಏಪ್ರಿಲ್ 2020ರ ಬಿಎಸ್-6 ನಂತರದ ಲಾರಿಗಳಿಗೂ ಕೆಲವು ಪಿಕಪ್‌ಗಳಿಗೂ ಬೇಕಾದ ದ್ರವ ಇದು. 32.5% ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಡ್ರೈವರ್‌ಗಳು ಅದನ್ನು 'ಯೂರಿಯಾ' ಅಂತಲೇ ಕರೆಯೋದರಿಂದ ಕೆಲವರಿಗೆ ಒಂದು ಐಡಿಯಾ ಬಂದಿದೆ: 266 ರೂಪಾಯಿ ಚಿಲ್ಲರೆಯ ಗೊಬ್ಬರದ ಚೀಲ ತಂದು ಬಕೆಟ್‌ನಲ್ಲಿ ಕರಗಿಸಿದರೆ ಆಯ್ತಲ್ಲ! ಆಗೋದಿಲ್ಲ. 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತೆ, ಬಾವಿ ನೀರಿನಲ್ಲಿ ಸುಣ್ಣ ಇರುತ್ತೆ. ಎರಡೂ ಸೇರಿ ಗಾಡಿಯ ಹೊಗೆ ಶುದ್ಧಿ ಮಾಡುವ ವ್ಯವಸ್ಥೆಯನ್ನು ಮುಚ್ಚಿಬಿಡುತ್ತೆ. ಸಬ್ಸಿಡಿ ಯೂರಿಯಾವನ್ನು ಹಿಂಗೆ ಬಳಸೋದು ಅಪರಾಧ ಕೂಡ, ಮತ್ತು ಮುಂಗಾರಿನಲ್ಲಿ ಯೂರಿಯಾಕ್ಕೆ ಕ್ಯೂ ನಿಂತವರು ಇದನ್ನು ಸುಮ್ಮನೆ ನೋಡಬಾರದು. ಎನ್‌ಎಚ್ 48ರ ಬದಿಯಲ್ಲಿ ಬಿಸಿಲಿಗೆ ಜೋಡಿಸಿಟ್ಟ ಡಿಇಎಫ್ ಕ್ಯಾನು ಕೊಳ್ಳೋ ಮುಂಚೆ ದಿನಾಂಕ ನೋಡ್ರಿ. 25 ಡಿಗ್ರಿಯಲ್ಲಿ 18 ತಿಂಗಳು ಬಾಳೋದು 35 ಡಿಗ್ರಿಯಲ್ಲಿ 6 ತಿಂಗಳಷ್ಟೇ. ಡೀಸೆಲ್ ಹಾಕಿದ ಕೊಳವೆ, ಲಾಳಿಕೆ ಇದಕ್ಕೆ ಬಳಸಬೇಡ್ರಿ.

ಇಷ್ಟೆಲ್ಲ ಹೇಳಿದರೂ ರೈತ ಕ್ಯಾನ್ ತುಂಬಿಸಿಟ್ಟುಕೊಳ್ಳೋದು ಚಟಕ್ಕಲ್ಲ. ಬಿತ್ತನೆ ಹದ ಎರಡೇ ದಿನ ಇರುತ್ತೆ, ಬಂಕು ದೂರ, ಕೆಲವು ಕಡೆ ಕ್ಯಾನಿಗೆ ಹಾಕೋಕೇ ಒಲ್ಲೆ ಅಂತಾರೆ. ಆ ಸಂದಿಯಲ್ಲಿ ಪಿಕಪ್‌ನಲ್ಲಿ ಬ್ಯಾರಲ್ ಹೇರಿಕೊಂಡು "ಲೀಟರ್‌ಗೆ ಐದು ರೂಪಾಯಿ ಕಡಿಮಿ" ಅಂತ ಬರೋರಿಗೆ ನಾವೇ ಗಿರಾಕಿ. ಅದರಲ್ಲಿ ಏನು ಬೆರೆಸಿದ್ದಾರೋ, ಬಿಲ್ಲೂ ಇಲ್ಲ, ಮೀಟರೂ ಇಲ್ಲ. ಮೀಟರ್ ಇರುವ ಅನುಮತಿ ಪಡೆದ ಬೌಸರ್ ಗಾಡಿಗಳು ನಗರಗಳಲ್ಲಿ ಜನರೇಟರ್‌ಗಳ ಬಾಗಿಲಿಗೇ ಡೀಸೆಲ್ ಮುಟ್ಟಿಸ್ತಾವೆ. ಗೋವಿನಜೋಳದ ರಾಶಿ ನಡೆಯುವ ಹೊಲಕ್ಕೆ ಯಾಕೆ ಬರಬಾರದು?

ನನ್ನ ಪ್ರಕಾರ ಇದಕ್ಕೆ ಸರಿಯಾದ ಜಾಗ ಊರ ಸೊಸೈಟಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಪೆಟ್ರೋಲ್-ಡೀಸೆಲ್ ಬಂಕ್ ನಡೆಸಲು ಕೇಂದ್ರ ಸರ್ಕಾರ 2023ರಲ್ಲೇ ದಾರಿ ಮಾಡಿಕೊಟ್ಟಿದೆ. ಎಲ್ಲ ಊರಿಗೂ ಆಗೋದಿಲ್ಲ, ನಿಜ, ಜಾಗ, ಬಂಡವಾಳ, ವ್ಯಾಪಾರದ ಲೆಕ್ಕ ಬೇಕು. ಆದರೆ ನಾಲ್ಕೈದು ಊರು ಸೇರಿ ಒಂದು ಸೊಸೈಟಿ ಅರ್ಜಿ ಹಾಕಬಹುದು. ಸೆಪ್ಟೆಂಬರ್ ಹೊತ್ತಿಗೆ ವಾರ್ಷಿಕ ಮಹಾಸಭೆ ನಡೆಯುತ್ತೆ, ನಮ್ಮ ವಯಸ್ಸಿನವರು ಅಲ್ಲಿಗೆ ಹೋಗೋದೇ ಕಡಿಮೆ. ಈ ಸಲ ಹೋಗಿ, ಷೇರುದಾರರಾಗಿ ಎದ್ದು ನಿಂತು ಈ ಒಂದು ಪ್ರಶ್ನೆ ಕೇಳ್ರಿ, ಉತ್ತರವನ್ನು ನಡಾವಳಿಯಲ್ಲಿ ಬರೆಸ್ರಿ.